ಸೊಪ್ಪು ಮುಟ್ಟದ ಆಡು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಜಾಲಿಯ ಮುಳ್ಳುಗಳ ನಡುವೆ ತುಟಿ ತೂರಿಸಿ ಎಲೆ ಬಿಡಿಸಿಕೊಳ್ಳುವ, ಹಸು ಎಮ್ಮೆಗಳು ಮೂಸಿ ಬಿಟ್ಟುಹೋದ ಬೇಲಿಯ ಬಳ್ಳಿಯನ್ನೂ ಮೇಯುವ, ಹಿಂಗಾಲ ಮೇಲೆ ನಿಂತು ಬೇವಿನ ಕೊಂಬೆಯನ್ನು ಎಟುಕಿಸಿಕೊಳ್ಳುವ ಪ್ರಾಣಿ ಅದು. ಬರಗಾಲದಲ್ಲಿ ದನಗಳು ಎಲುಬಿನ ಗೂಡಾದಾಗಲೂ ಆಡು ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತದೆ. ಇಂಥ ಆಡು ಒಂದು ದಿನ ಹಿಂಡಿನಿಂದ ಹಿಂದೆ ಬಿದ್ದು, ತಲೆ ತಗ್ಗಿಸಿ ನಿಂತು, ಮುಂದಿಟ್ಟ ಸೊಪ್ಪನ್ನು ಮುಟ್ಟದಿದ್ದರೆ ಸಾಕಿದವರ ಎದೆ ಧಸಕ್ಕೆನ್ನುತ್ತದೆ. ಅದರಲ್ಲೂ ಅದು ತುಂಬು ಗಬ್ಬದ ಆಡಾಗಿದ್ದು, ಈಯಲು ಇನ್ನೆರಡು ಮೂರು ವಾರಗಳಷ್ಟೇ ಉಳಿದಿದ್ದರೆ ಕಳೆದುಹೋಗುವುದು ಒಂದು ಜೀವವಲ್ಲ; ಎರಡು, ಮೂರು, ಕೆಲವೊಮ್ಮೆ ನಾಲ್ಕು.

ಮನುಷ್ಯ ಆಡನ್ನು ಸಾಕಲು ತೊಡಗಿ ಸುಮಾರು 10,000 ವರ್ಷಗಳಾದವು. ಆದರೆ ಗಬ್ಬದ ಆಡು ಈಯುವ ಮುನ್ನ ಮೇವು ಬಿಟ್ಟು ಸಾಯುವುದೇಕೆ, ದಿನ ತುಂಬುವ ಮೊದಲೇ ಕಂದು ಹಾಕುವುದೇಕೆ ಎಂಬ ಪ್ರಶ್ನೆಗಳಿಗೆ ನಂಬಲರ್ಹ ಉತ್ತರ ದೊರೆತದ್ದು 20ನೇ ಶತಮಾನದಲ್ಲಿ. ಇಷ್ಟು ತಡವಾದುದಕ್ಕೆ ರೋಗದ ಜಟಿಲತೆಯೊಂದೇ ಕಾರಣವಲ್ಲ. ಆಡು ಯಾರ ಮನೆಯ ಪ್ರಾಣಿ ಎಂಬುದೂ ಕಾರಣ. ಆನೆ ಕುದುರೆಗಳು ಅರಮನೆಯವು, ಹಸು ಎತ್ತುಗಳು ಹೊಲವಿದ್ದವರವು. ಆಡಾದರೋ ‘ಬಡವರ ಹಸು’. ಅದರ ಹೆರಿಗೆಯ ಕಷ್ಟ ಬಹುಕಾಲ ಅದನ್ನು ಸಾಕಿದವರ ಕಷ್ಟವಾಗಿಯೇ ಉಳಿಯಿತು.

ತಾಯಿಯನ್ನು ಉಳಿಸಿಕೊಂಡವರು

ಇರಾನಿನ ಜಾಗ್ರೋಸ್ ಪರ್ವತಗಳಲ್ಲಿ ಗಂಜ್ ದರೆ ಎಂಬ ಒಂದು ಹಳೆಯ ನೆಲೆಯಿದೆ. ಅಲ್ಲಿನ ಉತ್ಖನನದಲ್ಲಿ ರಾಶಿ ರಾಶಿ ಆಡಿನ ಎಲುಬುಗಳು ದೊರೆತವು. ಕಾಡಾಡನ್ನು ಬೇಟೆಯಾಡುವವನು ಸಾಮಾನ್ಯವಾಗಿ ದೊಡ್ಡ ಮೈಯ ಹೋತವನ್ನೇ ಗುರಿಯಿಡುತ್ತಾನೆ. ಆದರೆ ಗಂಜ್ ದರೆಯ ಎಲುಬುಗಳ ಲೆಕ್ಕ ಬೇರೆಯೇ ಇತ್ತು. ಗಂಡು ಮರಿಗಳು ಎಳೆಯ ವಯಸ್ಸಿನಲ್ಲೇ ಕೊಯ್ಯಲ್ಪಟ್ಟಿದ್ದವು. ಹೆಣ್ಣಾಡುಗಳು ಮಾತ್ರ ಬಲಿತ ವಯಸ್ಸಿನವರೆಗೂ ಬದುಕಿದ್ದವು. ಅಮೆರಿಕದ ವಿದ್ವಾಂಸರಾದ ಮೆಲಿಂಡಾ ಜೆಡರ್ ಮತ್ತು ಬ್ರಯನ್ ಹೆಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಪಶುಪಾಲನೆಯ ಗುರುತೆಂದು ತೋರಿಸಿತು. ಅಂದರೆ ಬೇಟೆಗಾರ ಕುರಿಗಾಹಿಯಾದದ್ದು ಈಯುವ ಆಡನ್ನು ಕೊಲ್ಲದೆ ಉಳಿಸಿಕೊಂಡ ದಿನ. ಹಿಂಡಿನ ಬಂಡವಾಳ ಇರುವುದು ಹೆಣ್ಣಾಡಿನ ಗರ್ಭದಲ್ಲಿ ಎಂಬುದನ್ನು ಅವನು ಅಂದೇ ಕಂಡುಕೊಂಡಿದ್ದ.

ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ನವಶಿಲಾಯುಗದ ಸಮಾಧಿಗಳು ದೊರೆತಿವೆ. ಅವುಗಳಲ್ಲಿ ಕೆಲವರನ್ನು ಆಡಿನ ಮರಿಗಳ ಜೊತೆಯಲ್ಲೇ ಹೂಳಲಾಗಿತ್ತು. ಸತ್ತವರೊಂದಿಗೆ ಕಳಿಸಿಕೊಡುವಷ್ಟು ಬೆಲೆಯುಳ್ಳ ಆಸ್ತಿ ಅದಾಗಿತ್ತೆನ್ನಬಹುದು. ಕರ್ನಾಟಕದ ನವಶಿಲಾಯುಗದ ಜನರು ಮುಖ್ಯವಾಗಿ ದನಗಾಹಿಗಳು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳೇ ಇದಕ್ಕೆ ಸಾಕ್ಷಿ. ಆದರೂ ಆ ಕಾಲದ ನೆಲೆಗಳಲ್ಲಿ ದನದ ಎಲುಬುಗಳ ಜೊತೆಗೆ ಆಡು ಕುರಿಗಳ ಎಲುಬುಗಳೂ ಸಿಗುತ್ತವೆ. ಕನ್ನಡ ನಾಡಿನಲ್ಲಿ ಆಡಿನ ಸಾಕಣೆ ಬೇಸಾಯದಷ್ಟೇ ಹಳೆಯದು.

ಗರ್ಭದ ಲೆಕ್ಕ ಇಡುವುದಂತೂ ಕುರಿಗಾಹಿಗೆ ಕಷ್ಟವಿರಲಿಲ್ಲ. ಆಡಿನ ಗರ್ಭಾವಧಿ ಸುಮಾರು 150 ದಿನ. ಐದು ಚಾಂದ್ರಮಾಸಗಳೆಂದರೆ ಹೆಚ್ಚು ಕಡಿಮೆ 148 ದಿನ. ಹೋತ ಹಾರಿದ ಹುಣ್ಣಿಮೆಯಿಂದ ಐದನೆಯ ಹುಣ್ಣಿಮೆಗೆ ಆಡು ಈಯಬೇಕು. ನಾಗರಪಂಚಮಿಯ ಹೊತ್ತಿಗೆ ಗಬ್ಬವಾದದ್ದು ಸಂಕ್ರಾಂತಿಯ ಆಸುಪಾಸಿಗೆ ಈಯುತ್ತದೆ. ಗ್ರೀಸಿನ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲಿ ಪ್ರಾಣಿಗಳ ಕುರಿತು ಬರೆದ ಗ್ರಂಥದಲ್ಲಿಯೂ ಆಡು ಕುರಿಗಳ ಗರ್ಭ ಐದು ತಿಂಗಳೆಂದಿದೆ. ಮೇವು ಹುಲುಸಾಗಿದ್ದಾಗ ಅವಳಿಗಳು ಹೆಚ್ಚುತ್ತವೆ ಎಂಬ ಮಾತೂ ಅದರಲ್ಲಿದೆ. ಆ ಅವಳಿಗಳೇ ತಾಯಿಗೆ ಮುಳುವಾಗಬಹುದೆಂಬುದು ಖಚಿತವಾಗಲು ಇನ್ನೂ ಇಪ್ಪತ್ಮೂರು ಶತಮಾನಗಳು ಬೇಕಾದವು.

ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ಕೃಷಿಯ ಕುರಿತು ಬರೆದ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಈಯುವ ಕುರಿಯನ್ನು ಸೂಲಗಿತ್ತಿಯಷ್ಟೇ ಎಚ್ಚರದಿಂದ ಕಾಯಬೇಕು, ಅದು ಹೆಂಗಸಿನಂತೆಯೇ ಹೆರಿಗೆಯ ನೋವು ಉಣ್ಣುತ್ತದೆ ಎನ್ನುತ್ತಾನೆ ಅವನು. ಮರಿ ಅಡ್ಡಲಾಗಿ ಸಿಕ್ಕಿಕೊಂಡರೆ ಅದನ್ನು ಹೊರಗೆಳೆಯಲು, ಆಗದಿದ್ದರೆ ತಾಯಿಗೆ ಅಪಾಯವಾಗದಂತೆ ಒಳಗೇ ಕತ್ತರಿಸಿ ತೆಗೆಯಲು ಮಂದೆಯ ಮುಖ್ಯಸ್ಥನಿಗೆ ತಿಳಿದಿರಬೇಕೆಂಬುದು ಅವನ ಸೂಚನೆ. ತಾಯಿಯೋ ಮರಿಯೋ ಎಂಬ ಪ್ರಶ್ನೆ ಬಂದಾಗ ಅಂದಿನ ಉತ್ತರ ತಾಯಿ ಎಂದೇ. ಮುಂದಿನ ವರ್ಷದ ಮರಿ ಇರುವುದು ಅವಳಲ್ಲಿಯೇ.

ಮದ್ದಾದ ಆಡು, ರೋಗಿಯಾಗದ ಆಡು

ಭಾರತದಲ್ಲಿ ಪಶುವೈದ್ಯದ ಪರಂಪರೆ ಹಳೆಯದು. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರವಿದೆ, ಆನೆಗೆ ಪಾಲಕಾಪ್ಯನದು. ಕನ್ನಡದಲ್ಲಿಯೂ ಚಾಲುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ, ಅಭಿನವಚಂದ್ರ ‘ಅಶ್ವವೈದ್ಯ’ವನ್ನು ರಚಿಸಿದ. ಇವುಗಳ ಸಾಲಿನಲ್ಲಿ ನಿಲ್ಲುವಂಥ ಹೆಸರಾದ ‘ಅಜವೈದ್ಯ’ವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯ ಆಡು ಕುರಿಗಳನ್ನೂ ಹೆಸರಿಸುತ್ತದೆ. ಆರು ತಿಂಗಳಿಗೊಮ್ಮೆ ಅವುಗಳ ಉಣ್ಣೆ ತೆಗೆಯಬೇಕೆನ್ನುತ್ತದೆ. ಎಳೆಯ, ಮುದಿ ಹಾಗೂ ರೋಗಿಷ್ಠ ಪಶುಗಳ ಉಪಚಾರವನ್ನು ಅದು ಕಾಯುವವರಿಗೇ ಒಪ್ಪಿಸಿಬಿಡುತ್ತದೆ.

ಆಡು ಗ್ರಂಥಗಳಲ್ಲಿ ಕಾಣಿಸಿಕೊಂಡದ್ದು ಹೆಚ್ಚಾಗಿ ಮನುಷ್ಯನ ಮದ್ದಾಗಿ. ಆಯುರ್ವೇದವು ಕ್ಷಯರೋಗಿಗೆ ಆಡಿನ ಹಾಲು, ಮಾಂಸ, ತುಪ್ಪಗಳನ್ನು ಹೇಳುತ್ತದೆ. ರೋಗಿ ಆಡುಗಳ ನಡುವೆ ಮಲಗುವುದೂ ಒಳ್ಳೆಯದೆಂಬ ಸಲಹೆ ಉಂಟು. ಆಡು ಹೀಗೆ ಔಷಧಿಯಾಯಿತೇ ಹೊರತು ರೋಗಿಯಾಗಲಿಲ್ಲ. ಆಡಿನ ಬಸಿರು ಬಾಣಂತನದ ತಿಳಿವಳಿಕೆ ಹಟ್ಟಿಗಳಲ್ಲಿ, ರೊಪ್ಪಗಳಲ್ಲಿ, ಬಾಯಿಂದ ಬಾಯಿಗೆ ಸಾಗಿ ಬಂತು. ಕೆಚ್ಚಲು ಇಳಿಯುವುದು, ಬಾಲದ ಬುಡದ ಎರಡು ಬದಿ ಕುಸಿಯುವುದು, ಆಡು ಕಾಲಿನಿಂದ ನೆಲ ಕೆರೆಯುವುದು, ಹಿಂಡಿನಿಂದ ದೂರ ಸರಿಯುವುದು ಮುಂತಾದ ಗುರುತುಗಳನ್ನು ಯಾವ ಪುಸ್ತಕದ ನೆರವೂ ಇಲ್ಲದೆ ಕುರುಬರು, ಗೊಲ್ಲರು ಬಲ್ಲವರಾಗಿದ್ದರು.

ಆಧುನಿಕ ಪಶುವೈದ್ಯವೂ ಮೊದಲಿಗೆ ಇದೇ ದಾರಿ ಹಿಡಿಯಿತು. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ ಕ್ಲೋದ್ ಬೂರ್ಜೆಲಾ ಕುದುರೆ ಸವಾರಿಯ ಶಿಕ್ಷಕನಾಗಿದ್ದ. 1791ರಲ್ಲಿ ಆರಂಭವಾದ ಲಂಡನ್ನಿನ ಶಾಲೆಯ ಗಮನವೂ ಕುದುರೆಯ ಮೇಲೆಯೇ. ಭಾರತದಲ್ಲಿ ಬ್ರಿಟಿಷರು 1889ರಲ್ಲಿ ಪುಣೆಯಲ್ಲಿ ತೆರೆದು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದ ಪ್ರಯೋಗಾಲಯಕ್ಕೆ ದನಗಳ ‘ದೊಡ್ಡ ರೋಗ’ವೇ ದೊಡ್ಡ ಚಿಂತೆ. ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದ್ದೂ ಅದೇ ರೋಗಕ್ಕಾಗಿ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ದೊಡ್ಡ ರೋಗದ ವೈರಸ್ಸನ್ನು ಒಂದು ಆಡಿನಿಂದ ಇನ್ನೊಂದು ಆಡಿಗೆ ಮತ್ತೆ ಮತ್ತೆ ದಾಟಿಸಿದರು. ಹೀಗೆ ದಾಟಿದ ವೈರಸ್ಸು ದನಗಳ ಮಟ್ಟಿಗೆ ಮೆತ್ತಗಾಯಿತು; ಅದರಿಂದಲೇ ಲಸಿಕೆ ಸಿದ್ಧವಾಯಿತು. 1954ರಲ್ಲಿ ಆರಂಭವಾದ ರಾಷ್ಟ್ರೀಯ ದೊಡ್ಡ ರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಬಳಸಿದ್ದು ಈ ‘ಆಡಿನ ಲಸಿಕೆ’ಯನ್ನು. ಜಗತ್ತು 2011ರಲ್ಲಿ ದೊಡ್ಡ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಆಡು ಹಸುವನ್ನು ಉಳಿಸಲು ನೆರವಾಗಿತ್ತು, ಆದರೆ ಪ್ರಯೋಗಾಲಯದಲ್ಲಿ ಅದರ ಸ್ಥಾನ ಆಗಲೂ ರೋಗಿಯದಾಗಿರಲಿಲ್ಲ.

ಮಾಲ್ಟಾದ ಪಾಠ

ಗಬ್ಬದ ಆಡಿನ ಸಂಕಟವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದನ್ನು ಜಗತ್ತು ಕಲಿತದ್ದು ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಮಾಲ್ಟಾದಲ್ಲಿ. ಅದು ಆಗ ಬ್ರಿಟಿಷ್ ನೌಕಾಪಡೆಯ ಮುಖ್ಯ ನೆಲೆ. ಅಲ್ಲಿನ ಸೈನಿಕರನ್ನು ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಏರುತ್ತ ಇಳಿಯುತ್ತ ತಿಂಗಳುಗಟ್ಟಲೆ ಹಿಂಸಿಸುವ ಆ ಜ್ವರದಲ್ಲಿ ರಾತ್ರಿ ಮೈ ಬೆವರುತ್ತಿತ್ತು, ಕೀಲುಗಳು ಹಿಡಿದುಕೊಳ್ಳುತ್ತಿದ್ದವು. 1887ರಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. ಆದರೆ ಅದು ಎಲ್ಲಿಂದ ಬರುತ್ತದೆಂಬುದು ಮತ್ತೆ 18 ವರ್ಷ ಒಗಟಾಗಿಯೇ ಉಳಿಯಿತು. ಧೂಳು, ಸೊಳ್ಳೆ, ಚರಂಡಿ ಎಲ್ಲದರ ಮೇಲೂ ಅನುಮಾನ ಹರಿಯಿತು.

ಮಾಲ್ಟಾದಲ್ಲಿ ಹಾಲೆಂದರೆ ಆಡಿನ ಹಾಲು. ಹಿಂಡುಗಳು ವಲೆಟ್ಟಾ ನಗರದ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದವು. ಗಿರಾಕಿಯ ಕಣ್ಣೆದುರೇ ಹಾಲು ಕರೆದು ಕೊಡುತ್ತಿದ್ದರು. ನೀರು ಬೆರಸದ ಹಾಲೆಂಬ ನಂಬಿಕೆಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಬ್ರಿಟನ್ನಿನ ರಾಯಲ್ ಸೊಸೈಟಿಯ ನೆರವಿನಿಂದ 1904ರಲ್ಲಿ ರಚಿತವಾದ ತನಿಖಾ ಆಯೋಗದಲ್ಲಿ ಮಾಲ್ಟಾದವನೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಜಮ್ಮಿತ್ ಇದ್ದ. 1905ರ ಜೂನ್‌ನಲ್ಲಿ ಅವನು ಆಡುಗಳ ರಕ್ತ ಪರೀಕ್ಷಿಸಿದಾಗ ಆರರಲ್ಲಿ ಐದು ಆಡುಗಳು ರೋಗಾಣುವಿನ ಸಂಪರ್ಕಕ್ಕೆ ಬಂದಿದ್ದವೆಂದು ಕಂಡುಬಂತು. ನೋಡಲು ಅವು ಆರೋಗ್ಯವಾಗಿದ್ದವು. ಮೇಯುತ್ತಿದ್ದವು, ಹಾಲು ಕೊಡುತ್ತಿದ್ದವು. ಬಳಿಕ ಹಾಲಿನಲ್ಲಿಯೂ ರೋಗಾಣು ಸಿಕ್ಕಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ‘ಜೋಶುವಾ ನಿಕಲ್ಸನ್’ ಎಂಬ ಹಡಗು ಅರವತ್ತಕ್ಕೂ ಹೆಚ್ಚು ಮಾಲ್ಟಾ ಆಡುಗಳನ್ನು ಹೇರಿಕೊಂಡು ಹೊರಟಿತು. ಅಮೆರಿಕಕ್ಕೆ ಹೋಗಬೇಕಾಗಿದ್ದ ಆಡುಗಳು ಅವು. ದಾರಿಯಲ್ಲಿ ಅವುಗಳ ಹಾಲು ಕುಡಿದ ನಾವಿಕರಲ್ಲಿ ಹಲವರು ಜ್ವರ ಹಿಡಿದು ಮಲಗಿದರು. ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ. 1906ರಲ್ಲಿ ಸೈನಿಕರ ಊಟದಿಂದ ಆಡಿನ ಹಾಲನ್ನು ತೆಗೆದುಹಾಕಿದರು. ವರ್ಷಕ್ಕೆ ನೂರಾರು ಸೈನಿಕರನ್ನು ಮಲಗಿಸುತ್ತಿದ್ದ ಜ್ವರ ಎರಡು ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು. ಬೇರೆ ಹಾಲು ಕೊಳ್ಳಲಾರದ ಊರಿನ ಜನ ಮಾತ್ರ ಇನ್ನೂ ದಶಕಗಳ ಕಾಲ ಆ ಜ್ವರವನ್ನು ಅನುಭವಿಸಿದರು.

ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಕಂದು ಹಾಕುವ ಹಸುಗಳಿಂದ ಒಂದು ರೋಗಾಣುವನ್ನು ಹುಡುಕಿ ತೆಗೆದಿದ್ದ. ಅದಕ್ಕೂ ಮಾಲ್ಟಾ ಜ್ವರಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಎಂಬ ವಿಜ್ಞಾನಿ ಎರಡೂ ಹತ್ತಿರದ ನೆಂಟರೆಂದು ತೋರಿಸಿದಾಗ ಹಲವರು ನಂಬಲಿಲ್ಲ. ಮುಂದೆ ಪ್ರಯೋಗಾಲಯದಲ್ಲಿ ಆಕೆಗೇ ಆ ಸೋಂಕು ತಗುಲಿತು. ಕೊನೆಗೆ ಆಕೆಯ ಮಾತೇ ನಿಂತಿತು. ಬ್ರೂಸ್‌ನ ನೆನಪಿಗೆ ಈ ರೋಗಾಣುಗಳ ಗುಂಪಿಗೆ ‘ಬ್ರುಸೆಲ್ಲಾ’ ಎಂಬ ಹೆಸರು 1920ರಲ್ಲಿ ಬಂತು.

ಆರೋಗ್ಯವಾಗಿ ಕಾಣುವ ಆಡು ತನ್ನೊಳಗಿನ ರೋಗವನ್ನು ಹೊರಗೆಡಹುವುದು ಮುಖ್ಯವಾಗಿ ಒಂದೇ ರೀತಿಯಲ್ಲಿ: ಗರ್ಭದ ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕುವುದು. ಇದಕ್ಕೆ ಕಾರಣವೂ 1960ರ ದಶಕದ ಆರಂಭದಲ್ಲಿ ತಿಳಿಯಿತು. ಹಸು, ಆಡು, ಕುರಿಗಳ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆಯ ಜಾತಿಯ ವಸ್ತುವಿದೆ. ಬ್ರುಸೆಲ್ಲಾಗೆ ಅದು ಪ್ರಿಯವಾದ ಆಹಾರ. ಮರಿಗೆ ಉಣಿಸಬೇಕಾದ ಮಾಸಿನಲ್ಲೇ ರೋಗಾಣು ಕೋಟಿಗಟ್ಟಲೆ ಬೆಳೆದು ಮರಿಯ ದಾರಿಯನ್ನು ಮುಚ್ಚುತ್ತದೆ. ಕಂದು ಹಾಕಿದ ಆಡಿನ ಮಾಸು, ನೆತ್ತರು, ಸತ್ತ ಮರಿ ಎಲ್ಲವೂ ಸೋಂಕಿನ ಗೂಡು. ಅದನ್ನು ಬರಿಗೈಯಿಂದ ಎತ್ತಿ ಎಸೆಯುವವರಿಗೆ, ಈಯಲಾರದ ಆಡಿನ ಒಳಗೆ ಕೈ ಹಾಕಿ ಮರಿಯನ್ನು ಎಳೆಯುವವರಿಗೆ ಮಾಲ್ಟಾದ ಜ್ವರ ಇಂದಿಗೂ ತಗುಲುತ್ತದೆ. ಕಂದು ಹಾಕುವುದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಒಂದೇ ಹಿಂಡಿನಲ್ಲಿ ಎರಡು ಮೂರು ಆಡುಗಳು ಹೀಗೆ ಮಾಡಿದರೆ ಅದನ್ನು ದೃಷ್ಟಿಯೆಂದೋ ಶಾಪವೆಂದೋ ಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕೆಂಬುದು ಮಾಲ್ಟಾ ಕಲಿಸಿದ ಪಾಠ.

ಒಳಗಿನ ಹಸಿವು

ಮೇವು ಬಿಟ್ಟು ನಿಲ್ಲುವ ಗಬ್ಬದ ಆಡಿನ ಕಥೆ ಬೇರೆ. ಅಲ್ಲಿ ರೋಗಾಣುವೇ ಇಲ್ಲ. ಇಂಗ್ಲೆಂಡಿನ ಕುರಿಗಾಹಿಗಳು ಅದನ್ನು ‘ಅವಳಿ ಮರಿಯ ರೋಗ’ವೆಂದು ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಅವಳಿ ಇರುವ ಕುರಿಗಳೇ ಹೆಚ್ಚಾಗಿ ಸಾಯುತ್ತವೆಂಬುದು ಅವರ ಅನುಭವಕ್ಕೆ ಬಂದಿತ್ತು. ಏಕೆಂಬುದು ತಿಳಿದಿರಲಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಉತ್ತರ ಡಕೋಟಾ ಕೃಷಿ ಪ್ರಯೋಗ ಕೇಂದ್ರದ ರೋಡೆರಿಕ್ ಮತ್ತು ಹಾರ್ಷ್‌ಫೀಲ್ಡ್ ಹೀಗೆ ಸತ್ತ ಕುರಿಗಳನ್ನು ಕ್ರಮವಾಗಿ ಅಧ್ಯಯನ ಮಾಡಿದರು. ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು. ಮೂತ್ರದಲ್ಲಿ ಕೀಟೋನ್‌ಗಳಿದ್ದವು. ಮಧುಮೇಹ ವಿಕೋಪಕ್ಕೆ ಹೋದ ಮನುಷ್ಯರಲ್ಲಿ ಕಾಣಿಸುವ ವಸ್ತುಗಳೇ ಅವು. ಆಡುಗಳಲ್ಲಿಯೂ ರೋಗದ ಬಗೆ ಇದೇ.

ಇದನ್ನು ಅರ್ಥ ಮಾಡಿಕೊಳ್ಳಲು ಗರ್ಭದ ಲೆಕ್ಕಕ್ಕೆ ಮರಳಬೇಕು. 150 ದಿನಗಳಲ್ಲಿ ಮೊದಲ ನೂರು ದಿನ ಮರಿಯ ಬೆಳವಣಿಗೆ ನಿಧಾನ. ಹುಟ್ಟುವಾಗಿನ ತೂಕದಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಕೂಡಿಕೊಳ್ಳುವುದು ಕೊನೆಯ ಆರೇಳು ವಾರಗಳಲ್ಲಿ. ಆಗ ಮರಿಗಳಿಗೆ ಬೇಕಾದದ್ದು ಗ್ಲೂಕೋಸ್. ಮೆಲುಕು ಹಾಕುವ ಪ್ರಾಣಿಗೆ ಅದು ಮೇವಿನಿಂದ ನೇರವಾಗಿ ಸಿಗುವುದು ಬಲು ಕಡಿಮೆ. ತಿಂದ ಸೊಪ್ಪು ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಆಮ್ಲಗಳಾಗುತ್ತದೆ. ಅವುಗಳಲ್ಲಿ ಪ್ರೊಪಿಯಾನಿಕ್ ಎಂಬ ಆಮ್ಲದಿಂದ ಯಕೃತ್ತು ಗ್ಲೂಕೋಸನ್ನು ತಯಾರಿಸಿಕೊಳ್ಳುತ್ತದೆ. ಒಂದು ಮರಿಯಿದ್ದರೆ ಈ ಕಾರ್ಖಾನೆ ಹೇಗೋ ಸಾಕಾಗುತ್ತದೆ. ಎರಡು ಮೂರಿದ್ದರೆ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ಬೆಳೆದ ಮರಿಗಳು ಹೊಟ್ಟೆಯನ್ನು ಒತ್ತಿ ಮೇವಿಗೇ ಜಾಗವಿಲ್ಲದಂತೆ ಮಾಡುತ್ತವೆ.

ಆಗ ತಾಯಿ ತನ್ನ ಮೈಯ ಕೊಬ್ಬನ್ನು ಕರಗಿಸತೊಡಗುತ್ತದೆ. ಯಕೃತ್ತು ಅಷ್ಟೊಂದು ಕೊಬ್ಬನ್ನು ನಿಭಾಯಿಸಲಾರದೆ ಹೋದಾಗ ಕೀಟೋನ್‌ಗಳು ರಕ್ತದಲ್ಲಿ ತುಂಬುತ್ತವೆ. ಅವು ಹೆಚ್ಚಿದಂತೆ ಆಡಿನ ಹಸಿವೆ ಸಾಯುತ್ತದೆ. ಮೇವು ಬಿಟ್ಟಂತೆ ಕೀಟೋನ್ ಇನ್ನೂ ಹೆಚ್ಚುತ್ತದೆ. ಆಡು ಮಂಕಾಗಿ ಒಂದೆಡೆ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಕೆಲವೊಮ್ಮೆ ಕಾಲಿನ ಗಿಣ್ಣುಗಳು ಊದಿಕೊಳ್ಳುತ್ತವೆ. ಉಸಿರಿನಲ್ಲಿ ಸಿಹಿಯಾದ ಒಂದು ಬಗೆಯ ವಾಸನೆ ಬರುತ್ತದೆ. ಕಣ್ಣು ಕಾಣದಂತೆ ಎಡವುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಮಲಗಿದ ಮೇಲೆ ಬದುಕುವುದು ಕಷ್ಟ. ಬಡಕಲು ಆಡಿಗೆ ಬರುವಂತೆಯೇ ಕೊಬ್ಬಿದ ಆಡಿಗೂ ಇದು ಬರುತ್ತದೆ. ಒಳಗಿನ ಕೊಬ್ಬೂ ಮೇವಿನ ಜಾಗವನ್ನು ಕಸಿಯುತ್ತದೆ. ಆದ್ದರಿಂದ ‘ಮೈತುಂಬಿದೆ, ಚಿಂತೆಯಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ರೋಗವನ್ನು ಬೇಗ ಗುರುತಿಸುವ ಉಪಾಯವನ್ನು ವಿಜ್ಞಾನ ಆ ವೇಳೆಗೆ ಬೇರೆ ಕಾರಣಕ್ಕಾಗಿ ಕಂಡುಕೊಂಡಿತ್ತು. 1908ರಲ್ಲಿ ರೊಥೆರಾ ಎಂಬ ವಿಜ್ಞಾನಿ ಮೂತ್ರದಲ್ಲಿನ ಅಸಿಟೋನನ್ನು ಪತ್ತೆ ಹಚ್ಚುವ ಸುಲಭ ಪರೀಕ್ಷೆಯನ್ನು ವಿವರಿಸಿದ್ದ. ನೈಟ್ರೋಪ್ರುಸೈಡ್ ಮತ್ತು ಅಮೋನಿಯಾ ಬೆರೆತಾಗ ಕೀಟೋನ್ ಇರುವ ಮೂತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಿದ್ಯುತ್ತು ಬೇಡ, ದೊಡ್ಡ ಯಂತ್ರ ಬೇಡ. ಭಾರತದ ಪಶುವೈದ್ಯರು ಇಂದಿಗೂ ರೊಥೆರಾನ ಹೆಸರಿನ ಪರೀಕ್ಷೆಯನ್ನು ಬಳಸುತ್ತಾರೆ. ಮಧುಮೇಹಿಗಳಿಗಾಗಿ ತಯಾರಾದ ಪುಟ್ಟ ಕೀಟೋನ್ ಮೀಟರುಗಳೂ ಈಗ ಕೊಟ್ಟಿಗೆಗೆ ಬಂದಿವೆ.

ಚಿಕಿತ್ಸೆಯ ಇತಿಹಾಸವೂ ಸ್ವಾರಸ್ಯಕರ. ನಿಶ್ಶಕ್ತವಾದ ಆಡಿಗೆ ಬೆಲ್ಲದ ನೀರು ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ಸಿಹಿ ಬೇಕೆಂಬ ಊಹೆ ಸರಿಯೇ. ಆದರೆ ಬೆಲ್ಲದ ಬಹುಪಾಲು ಮೊದಲ ಹೊಟ್ಟೆಯಲ್ಲೇ ಹುದುಗಿ ಆಮ್ಲವಾಗುವುದರಿಂದ ಬೆಲ್ಲವಾಗಿ ಅದು ರಕ್ತಕ್ಕೆ ತಲುಪುವುದಿಲ್ಲ. ಹೆಚ್ಚು ಕುಡಿಸಿದರೆ ಹೊಟ್ಟೆ ಕೆಡುವುದೂ ಉಂಟು. ಅದಕ್ಕೇ ವೈದ್ಯರು ಗ್ಲೂಕೋಸನ್ನು ನರದ ಮೂಲಕ ಏರಿಸುತ್ತಾರೆ. 1950ರ ದಶಕದಲ್ಲಿ ಹಸುಗಳ ಕೀಟೋಸಿಸ್‌ಗೆ ಬಳಕೆಗೆ ಬಂದ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಕುಡಿಸುತ್ತಾರೆ. ಅದರ ಒಂದು ಪಾಲು ಹುದುಗದೆ ಯಕೃತ್ತನ್ನು ಮುಟ್ಟಿ ಅಲ್ಲಿ ಗ್ಲೂಕೋಸಾಗುತ್ತದೆ. ಕ್ಯಾಲ್ಸಿಯಂ ಕೊರತೆಯೂ ಬಹುಮಟ್ಟಿಗೆ ಇದೇ ರೀತಿ ಕಾಣಿಸುವುದರಿಂದ, ಎರಡೂ ಒಟ್ಟಿಗೆ ಬರಬಹುದಾದ್ದರಿಂದ, ಅದನ್ನೂ ಗಮನಿಸಬೇಕಾಗುತ್ತದೆ.

ತಾಯಿಯೋ ಮರಿಯೋ

ಇಷ್ಟಾದರೂ ಆಡು ಚೇತರಿಸದಿದ್ದರೆ ಉಳಿಯುವ ಮದ್ದು ಒಂದೇ. ಬೇಡಿಕೆಯ ಮೂಲವನ್ನೇ ತೆಗೆಯುವುದು, ಅಂದರೆ ಮರಿಗಳನ್ನು ಹೊರತರುವುದು. ಕೊಲುಮೆಲ್ಲಾನ ಕಾಲದಲ್ಲಿ ಇದಕ್ಕೆ ಇದ್ದದ್ದು ಕಬ್ಬಿಣದ ಹತಾರವೊಂದೇ. ಹೊಟ್ಟೆ ಕೊಯ್ದು ಮರಿ ತೆಗೆಯುವ ಶಸ್ತ್ರಚಿಕಿತ್ಸೆ ನಂತರ ಬಂತು. ಚುಚ್ಚುಮದ್ದಿನಿಂದಲೇ ಹೆರಿಗೆಯನ್ನು ಬರಿಸುವ ದಾರಿ ತೆರೆದದ್ದು 1960ರ ದಶಕದಲ್ಲಿ, ನ್ಯೂಜಿಲೆಂಡಿನ ಕುರಿಗಳ ಮೇಲೆ ನಡೆದ ಪ್ರಯೋಗಗಳಿಂದ.

ಆಕ್ಲೆಂಡಿನ ಪ್ರಸೂತಿ ವೈದ್ಯ ಗ್ರಹಾಂ ಲಿಗಿನ್ಸ್‌ಗೆ ಕಾಡುತ್ತಿದ್ದುದು ಹೆರಿಗೆ ಶುರುವಾಗುವುದು ಹೇಗೆ ಎಂಬ ಪ್ರಶ್ನೆ. ಕುರಿಯಲ್ಲಿ ಹೆರಿಗೆಯ ಸೂಚನೆ ಹೊರಡುವುದು ಮರಿಯಿಂದ, ಅದರ ಮೈಯಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನಿನಿಂದ ಎಂದು ಅವರು ತೋರಿಸಿದರು. ಈ ಬಗೆಯ ಸ್ಟೆರಾಯ್ಡ್ ಕೊಟ್ಟಾಗ ದಿನ ತುಂಬದೆ ಹುಟ್ಟಿದ ಮರಿಯೊಂದು, ಬದುಕಬಾರದಷ್ಟು ಎಳೆಯದಾಗಿದ್ದರೂ, ಉಸಿರಾಡಿದ್ದನ್ನು ಅವರು ಕಂಡರು. ಅದರ ಶ್ವಾಸಕೋಶ ಬೇಗ ಬಲಿತಿತ್ತು. 1969ರಲ್ಲಿ ಇದನ್ನು ಪ್ರಕಟಿಸಿದರು. 1972ರಲ್ಲಿ ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಗರ್ಭಿಣಿ ಸ್ತ್ರೀಯರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವೂ ಹೊರಬಂತು. ಅವಧಿಗೆ ಮುನ್ನ ಹೆರುವ ಸಂಭವವಿರುವ ತಾಯಿಗೆ ಇಂದು ಆಸ್ಪತ್ರೆಗಳಲ್ಲಿ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದಿನ ಮೂಲ ಇದು. ಎಷ್ಟೋ ಮನುಷ್ಯ ಶಿಶುಗಳು ಉಳಿದದ್ದು ಕುರಿಯ ಗರ್ಭದಿಂದ ಕಲಿತ ಈ ಪಾಠದಿಂದ.

ಆಡಿನ ಗರ್ಭ ಕುರಿಯದಕ್ಕಿಂತ ಒಂದು ವಿಷಯದಲ್ಲಿ ಭಿನ್ನ. ಕುರಿಯಲ್ಲಿ ಸುಮಾರು ಎರಡು ತಿಂಗಳ ನಂತರ ಗರ್ಭವನ್ನು ಕಾಯುವ ಹಾರ್ಮೋನನ್ನು ಮಾಸೇ ಒದಗಿಸಿಕೊಳ್ಳುತ್ತದೆ. ಆಡಿನಲ್ಲಿ ಕೊನೆಯ ದಿನದವರೆಗೂ ಅದನ್ನು ಒದಗಿಸುವುದು ಅಂಡಾಶಯ. ಹೀಗಾಗಿ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿ ಕೊಟ್ಟರೆ ಆಡು ಸಾಮಾನ್ಯವಾಗಿ ಎರಡು ದಿನಗಳೊಳಗೆ ಈಯುತ್ತದೆ. ಕುರಿಯಲ್ಲಿ ಈ ಉಪಾಯ ನಂಬಿಕೆಗೆ ಅರ್ಹವಲ್ಲ. ಆದರೆ ದಿನ ತುಂಬಲು ಒಂದು ವಾರಕ್ಕಿಂತ ಹೆಚ್ಚು ಉಳಿದಿರುವಾಗ ಹೀಗೆ ಮಾಡಿದರೆ ಮರಿಗಳು ಬದುಕುವ ಸಂಭವ ಬೇಗ ಕಡಿಮೆಯಾಗುತ್ತದೆ. ಆಗ ವೈದ್ಯರು ಕೇಳುವ ಮೊದಲ ಪ್ರಶ್ನೆ: ಹೋತ ಹಾರಿದ್ದು ಯಾವಾಗ? ನಾಗರಪಂಚಮಿಯ ಲೆಕ್ಕ ಇಟ್ಟವರ ಮನೆಯಲ್ಲಿ ತಾಯಿ, ಮರಿ ಎರಡನ್ನೂ ಉಳಿಸಲು ಒಂದು ದಾರಿ ಇರುತ್ತದೆ. ಲೆಕ್ಕವಿಲ್ಲದಲ್ಲಿ ಚಿಕಿತ್ಸೆಯೂ ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಕೊನೆಯ ಆರು ವಾರ

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 14.9 ಕೋಟಿ ಆಡುಗಳಿವೆ. ಕರ್ನಾಟಕದಲ್ಲಿ 60 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸಾಕುವ ಉಸ್ಮಾನಾಬಾದಿ, ದಕ್ಷಿಣದ ನಂದಿದುರ್ಗ ತಳಿಗಳು ಅವಳಿ ಮರಿಗಳಿಗೆ ಹೆಸರಾದವು. ಸಾಕುವವರಿಗೆ ಅವಳಿಯೆಂದರೆ ಇಮ್ಮಡಿ ಆದಾಯ. ಮುಂಗಾರಿನ ಹಸಿರು ಮೇದು ಮೈ ಬಲಿತ ಆಡು ಅವಳಿಗಳನ್ನು ಹೊರುವುದು ಹೆಚ್ಚು. ಆದರೆ ಅವಳಿ ಬೆಳೆದು ಹಸಿವು ಹೆಚ್ಚುವ ಹೊತ್ತಿಗೆ ಮಳೆ ನಿಂತಿರುತ್ತದೆ, ಹೊಲದಂಚು ಒಣಗತೊಡಗಿರುತ್ತದೆ. ಮಳೆಗಾಲದ ಕೊನೆಗೆ ಗಬ್ಬವಾದ ಆಡಿಗಂತೂ ಕೊನೆಯ ವಾರಗಳು ನಡು ಬೇಸಿಗೆಯಲ್ಲಿ ಬರುತ್ತವೆ. ಮೇವಿಗಾಗಿ ಇನ್ನಷ್ಟು ದೂರ ನಡೆಸುವುದು ಆಗಲೇ.

ಆಸ್ಟ್ರೇಲಿಯದಲ್ಲಿ 1980ರ ದಶಕದಿಂದ ಅಲ್ಟ್ರಾಸೌಂಡ್ ಯಂತ್ರದ ನೆರವಿನಿಂದ ಅವಳಿ ಹೊತ್ತ ಕುರಿಗಳನ್ನು ಗುರುತಿಸಿ ಬೇರೆ ಮೇಯಿಸುವ ಪದ್ಧತಿ ಬೆಳೆಯಿತು. ಎರಡು ಮೂರು ಆಡು ಸಾಕುವ ಮನೆಗೆ ಯಂತ್ರ ಎಟುಕದಿರಬಹುದು. ಆದರೆ ಅದರ ಹಿಂದಿನ ವಿವೇಕ ಎಟುಕುವಂಥದು. ಕೊನೆಯ ಆರು ವಾರ ಗಬ್ಬದ ಆಡನ್ನು ಹಿಂಡಿನ ನೂಕುನುಗ್ಗಲಿನಿಂದ ಬಿಡಿಸುವುದು, ಸೊಪ್ಪಿನ ಜೊತೆಗೆ ಮುಸುಕಿನ ಜೋಳದ ನುಚ್ಚು, ಹಿಂಡಿ, ಹುರುಳಿಯಂಥದನ್ನು ದಿನ ದಿನವೂ ಸ್ವಲ್ಪ ಸ್ವಲ್ಪ ಏರಿಸುತ್ತ ಕೊಡುವುದು, ಮೇವನ್ನು ಒಮ್ಮೆಲೇ ಬದಲಿಸದಿರುವುದು, ಉಪವಾಸ ಕೆಡವದಿರುವುದು. ಬೆಳಗಿನ ಮೇವನ್ನು ಅದು ಬಿಟ್ಟರೆ ಸಂಜೆಯವರೆಗೆ ಕಾಯದೆ ವೈದ್ಯರನ್ನು ಕಾಣುವುದು.

ಕಂದು ಹಾಕುವ ರೋಗದ ವಿಷಯದಲ್ಲಿ ಹಾದಿ ಇನ್ನೂ ಉದ್ದವಿದೆ. ಆಡು ಕುರಿಗಳಿಗಾಗಿ ‘ರೆವ್-1’ ಎಂಬ ಲಸಿಕೆ 1950ರ ದಶಕದಲ್ಲಿಯೇ ಸಿದ್ಧವಾಯಿತು. ಗಬ್ಬದ ಆಡಿಗೆ ಕೊಟ್ಟರೆ ಅದೇ ಕಂದು ಹಾಕಿಸಬಹುದಾದ್ದರಿಂದ ಎಳೆಯ ಮರಿಗಳಿಗೆ ಕೊಡುವುದು ವಾಡಿಕೆ. ಹಲವು ದೇಶಗಳು ಇದರಿಂದ ರೋಗವನ್ನು ಹತೋಟಿಗೆ ತಂದವು. ಭಾರತ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ ಬ್ರುಸೆಲ್ಲಾ ಲಸಿಕೆಗೆ ಆರಿಸಿಕೊಂಡದ್ದು ದನ ಎಮ್ಮೆಗಳ ಹೆಣ್ಣು ಕರುಗಳನ್ನು. ಸರದಿಯಲ್ಲಿ ಹಸುವಿನ ಹಿಂದೆ ನಿಲ್ಲುವುದು ಆಡಿಗೆ ಹೊಸದಲ್ಲ. ಅಲ್ಲಿಯವರೆಗೆ ರೊಪ್ಪದಲ್ಲಿ ಮರಿ ಹಿಡಿಯುವ ಕೈಗಳಿಗೆ ಒಂದು ಜೊತೆ ಕೈಗವಸು, ಬಿದ್ದ ಮಾಸನ್ನು ನಾಯಿಗಳಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವ ಗುಂಡಿ, ಹಾಲನ್ನು ಚೆನ್ನಾಗಿ ಕಾಯಿಸುವ ಒಲೆ ಇವಿಷ್ಟೇ ಆ ಮನೆಯ ಕಾವಲು.